ಗಾಡಿ ಸೀಜ್ ಮಾಡಿ ಸ್ವಾಮಿ, ಚೀಟಿ ಕೊಟ್ಟು ಮಾಡಿ

ಬೆಳಿಗ್ಗೆ ಸಿಗ್ನಲ್ ಹತ್ತಿರ ಮತ್ತದೇ ಸೀನು. ಸ್ಕೂಟರ್ ನಿಲ್ಲೋ ಮೊದಲೇ ಕೀ ಪೊಲೀಸರ ಜೇಬಿಗೆ. ಹುಡುಗ ಫೋನ್ ಗ್ಯಾಲರಿಯಲ್ಲಿರೋ ಡಿಎಲ್ (ಡ್ರೈವಿಂಗ್ ಲೈಸೆನ್ಸ್) ಫೋಟೊ ಹಿಡ್ಕೊಂಡು "ಸಾರ್, ಇದೆಯಲ್ಲ ಸಾರ್" ಅಂತಿದ್ದಾನೆ. ಇಬ್ಬರದೂ ತಪ್ಪು, ಇಬ್ಬರ ಬಾಯಲ್ಲೂ ಕಾನೂನು!

ಮೊದಲು ಹುಡುಗನ ವಿಷಯ. ಗ್ಯಾಲರಿ ಫೋಟೊ ಡಿಎಲ್ ಅಲ್ಲಪ್ಪ. ಸರ್ಕಾರದ ಆ್ಯಪ್‌ಗಳಾದ ಡಿಜಿಲಾಕರ್ ಅಥವಾ ಎಂಪರಿವಾಹನ್ ತೆರೆದು ತೋರಿಸು. ಅಲ್ಲಿ ಚಾಲ್ತಿಯಲ್ಲಿದೆ ಅಂತ ಕಂಡರೆ ಕಾರ್ಡೇ ಬೇಕು ಅಂತ ಹಟ ಹಿಡಿಯೋ ಹಾಗಿಲ್ಲ. 2020ರ ಅಕ್ಟೋಬರ್‌ನಿಂದ ಕೇಂದ್ರ ಮೋಟಾರು ವಾಹನ ನಿಯಮ 139ರಲ್ಲೇ ಇದು ಇದೆ.

ಈಗ ಕೀ ವಿಷಯ. ಗಾಡಿ ಹಿಡಿಯೋ ಅಧಿಕಾರ ಬರೋದು 1988ರ ಮೋಟಾರು ವಾಹನ ಕಾಯ್ದೆಯ 207ನೇ ಸೆಕ್ಷನ್‌ನಿಂದ. ಡಿಎಲ್ ಇಲ್ಲದೆ ಓಡಿಸಿದರೆ, ವಯಸ್ಸಾಗದವರು ಓಡಿಸಿದರೆ, ನೋಂದಣಿ ಇಲ್ಲದಿದ್ದರೆ, ಪರ್ಮಿಟ್ ಗೋಲ್ಮಾಲ್ ಇದ್ದರೆ. ಅಷ್ಟೇ. ಹೆಲ್ಮೆಟ್ ಆ ಪಟ್ಟಿಯಲ್ಲಿಲ್ಲ. ಡಿಎಲ್ "ಇಲ್ಲ" ಅನ್ನೋದೂ "ಮನೇಲಿದೆ" ಅನ್ನೋದೂ ಬೇರೆ ಬೇರೆ; ಎರಡನೆಯದಕ್ಕೆ ದಂಡ ಹಾಕಿ, ಗಾಡಿ ಯಾಕೆ ಎತ್ತುತ್ತೀರಿ? ಅದೇ ಸೆಕ್ಷನ್‌ನ ಬಾಲದಲ್ಲಿ ಯಾರೂ ಓದದ ಒಂದು ಸಾಲಿದೆ: ಡಿಎಲ್ ಇಲ್ಲದ ಕೇಸಿನಲ್ಲಿ ಗಾಡಿ ಬದಲು ಆರ್‌ಸಿ (ನೋಂದಣಿ ಪತ್ರ) ವಶಕ್ಕೆ ತಗೊಂಡು ಅದಕ್ಕೆ ಸ್ವೀಕೃತಿ ಚೀಟಿ ಕೊಡಬಹುದು. ಗಾಡಿಯನ್ನೇ ಹಿಡಿದರೆ ನಿಯಮದ ಪ್ರಕಾರ ಹಿಡೀಬೇಕು, ಜೋಪಾನವಾಗಿ ಇಡಬೇಕು. ಕೀ ಕಿತ್ಕೊಂಡು "ಸಂಜೆ ಸ್ಟೇಷನ್‌ಗೆ ಬಾ" ಅನ್ನೋದು ಯಾವ ಸೆಕ್ಷನ್ನು?

"ಅಷ್ಟು ಟ್ರಾಫಿಕ್‌ನಲ್ಲಿ ಚೀಟಿ ಬರೀತಾ ಕೂರೋಕಾಗುತ್ತಾ" ಅಂತೀರಾ? ದಂಡದ ರಸೀದಿ ಮಾತ್ರ ಅದೇ ಟ್ರಾಫಿಕ್‌ನಲ್ಲಿ ಟರ್ ಅಂತ ಬರುತ್ತಲ್ಲ.

ಒಂದು ವಿಷಯದಲ್ಲಿ ಮಾತ್ರ, ನಿಜ ಹೇಳ್ತೀನಿ, ನಾನು ಪೂರ್ತಿ ಪೊಲೀಸರ ಕಡೆ. ಪಿಯುಸಿ ಹುಡುಗನ ಕೈಗೆ ಬೈಕ್ ಕೊಟ್ಟು "ಇಲ್ಲೇ ಟ್ಯೂಷನ್‌ಗೆ ಅಷ್ಟೇ ಸಾರ್" ಅನ್ನೋ ಅಪ್ಪಂದಿರು. ಅದೇ ಕಾಯ್ದೆಯ 199ಎ ಸೆಕ್ಷನ್ ಓದಿ: ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿ ನೋಂದಣಿ 12 ತಿಂಗಳು ರದ್ದು, ಮಗನಿಗೆ 25 ತುಂಬೋವರೆಗೆ ಡಿಎಲ್ ಇಲ್ಲ. ಅಂಥ ಗಾಡಿ ಹಿಡಿದರೆ ನನಗೆ ಒಂಚೂರೂ ಬೇಜಾರಿಲ್ಲ. ಆದ್ರೆ ಅಲ್ಲೂ ಚೀಟಿ ಕೊಡಿ!

ದೊಡ್ಡವರೂ ಸಿಕ್ಕಿಬೀಳ್ತಾರೆ. ಅವಧಿ ಮುಗಿದ ಡಿಎಲ್‌ಗೆ ಮೊದಲು 30 ದಿನ ರಿಯಾಯಿತಿ ಇತ್ತು, 2019ರ ತಿದ್ದುಪಡಿ ಅದನ್ನ ತೆಗೆದುಹಾಕಿತು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ಗೇರ್ ಇಲ್ಲದ ಸ್ಕೂಟರ್ ಡಿಎಲ್‌ನಲ್ಲಿ ಗೇರ್ ಬೈಕ್ ಓಡಿಸಿದರೆ ಅದೂ ಡಿಎಲ್ ಇಲ್ಲದ ಲೆಕ್ಕವೇ. ಎಲ್‌ಎಲ್‌ಆರ್ (ಕಲಿಯೋರ ಲೈಸೆನ್ಸ್) ಇಟ್ಕೊಂಡು ಕಾರಲ್ಲಿ ಒಬ್ಬರೇ ಹೋದರೂ ಕಥೆ ಅಷ್ಟೇ. ಪಕ್ಕದಲ್ಲಿ ಡಿಎಲ್ ಇರೋರು ಕೂತಿರಬೇಕು, ಹಿಂದೆ ಮುಂದೆ ಕೆಂಪು 'ಎಲ್' ಇರಬೇಕು. ಇನ್ನು ಎಲ್‌ಎಂವಿ (ಲಘು ವಾಹನ) ಡಿಎಲ್ ಇರೋ ಸಣ್ಣ ಗೂಡ್ಸ್ ಗಾಡಿ ಡ್ರೈವರ್‌ಗೆ "ಟ್ರಾನ್ಸ್‌ಪೋರ್ಟ್ ಎಂಟ್ರಿ ಎಲ್ಲಿ" ಅಂತ ಕಾಡೋರಿಗೆ: ಒಟ್ಟು ತೂಕ 7,500 ಕೆಜಿ ಮೀರದಿದ್ದರೆ ಬೇಕಿಲ್ಲ ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಐವರ ಪೀಠವೇ ಹೇಳಿದೆ.

ಗಾಡಿ ಹೋಗೇಬಿಟ್ಟಿದ್ದರೆ? ಹೋಗೋ ಮೊದಲೇ ಓಡೋಮೀಟರ್, ಪೆಟ್ರೋಲ್ ಮುಳ್ಳು, ಕನ್ನಡಿ, ಬ್ಯಾಟರಿ, ಸ್ಟೆಪ್ನಿ ಎಲ್ಲದರ ಫೋಟೊ ತೆಗೀರಿ. ಠಾಣೆ ಹಿಂದಿನ ಬಯಲು ನೋಡಿದ್ದೀರಲ್ಲ? ಒಂದು ಮಳೆಗಾಲ ಸಾಕು, ಸೀಟು ಹರಿದು, ವೈರಿಂಗ್ ಇಲಿ ಪಾಲು. ಹಿಡಿದ ಗಾಡಿ ಠಾಣೆಯಲ್ಲಿ ಕೊಳೀಬಾರದು, ಬಾಂಡ್ ಬರೆಸಿಕೊಂಡು ಬಿಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ದೇಸಾಯಿ ಕೇಸಲ್ಲಿ ಹೇಳಿದೆ. ಬಯಲು ಖಾಲಿಯಾಗಿದೆಯಾ, ನೀವೇ ನೋಡಿ.

ಬಿಡಿಸಿಕೊಳ್ಳೋಕೆ ಮಾಲೀಕರು ಅಥವಾ ಗಾಡಿ ಉಸ್ತುವಾರಿ ಇದ್ದವರು ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಗುರುತಿನ ಚೀಟಿ ತಗೊಂಡು ಅರ್ಜಿ ಕೊಡಬೇಕು. ಕೇಸ್ ಕೋರ್ಟಿಗೆ ಹೋಗಿದ್ದರೆ ಅಲ್ಲಿಂದ ಬಿಡುಗಡೆ ಆದೇಶ ತರಬೇಕು. ಎಷ್ಟೋ ಜನ ಎಲ್ಲ ಕಟ್ಟಿ ಮುಗಿಸಿ ಗೇಟ್ ಹತ್ತಿರ ನಿಂತು ತಲೆ ಕೆರ್ಕೊಳ್ತಾರೆ. ಓಡಿಸಿಕೊಂಡು ಹೋಗೋಕೆ ಡಿಎಲ್ ಇರೋರನ್ನೇ ಕರ್ಕೊಂಡು ಬಂದಿರಲ್ಲ!