ಖ್ಯಾತನಾಮರ ಉಡುಗೆ-ತೊಡುಗೆಯನ್ನು ಅನುಕರಿಸುವುದು ಸರಿಯೇ?

ಸಿನಿಮಾ ನಟಿಯೊಬ್ಬರು ಸಮಾರಂಭಕ್ಕೆ ತೊಟ್ಟು ಬಂದ ಉಡುಪಿನ ನಕಲು ಕೆಲವೇ ದಿನಗಳಲ್ಲಿ ಮಾರಾಟಕ್ಕೆ ಸಿಗುತ್ತದೆ. ಆಟಗಾರರೊಬ್ಬರ ಕೇಶಶೈಲಿಯನ್ನು ಮೊಬೈಲಿನಲ್ಲಿ ತೋರಿಸಿ, ತಮಗೂ ಹಾಗೆಯೇ ಕತ್ತರಿಸಿ ಎಂದು ಹುಡುಗರು ಕ್ಷೌರಿಕರನ್ನು ಕೇಳುತ್ತಾರೆ. ಜನರು ಖ್ಯಾತನಾಮರನ್ನು ಹೀಗೆ ಹಿಂಬಾಲಿಸುವುದೇಕೆ, ಅದನ್ನು ಒಪ್ಪಬಹುದೇ ಎಂಬ ಪ್ರಶ್ನೆಗೆ ಎರಡು ಕಡೆಯ ವಾದಗಳನ್ನೂ ಇಲ್ಲಿ ಮಂಡಿಸಲಾಗಿದೆ.

ಪರ: ನೋಡಿ ಕಲಿಯುವುದು ತಪ್ಪಲ್ಲ

ಉಡುಪಿನ ವಿಷಯದಲ್ಲಿ ಇನ್ನೊಬ್ಬರನ್ನು ಅನುಕರಿಸುವವರಿಗೆ ಸ್ವಂತಿಕೆಯಿಲ್ಲ ಎಂದು ಹಳಿಯುವುದು ಸುಲಭ. ಆದರೆ ಮಾತು, ಬರಹ, ಅಡುಗೆ, ನಾಲ್ಕು ಜನರ ನಡುವೆ ನಡೆದುಕೊಳ್ಳುವ ರೀತಿ, ಎಲ್ಲವನ್ನೂ ನಾವು ಇನ್ನೊಬ್ಬರನ್ನು ನೋಡಿಯೇ ಕಲಿತಿದ್ದೇವೆ. ಉಡುಪನ್ನು ಮಾತ್ರ ಪ್ರತಿಯೊಬ್ಬರೂ ತಾವೇ ಕಂಡುಹಿಡಿದುಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಜೋಸೆಫ್ ಹೆನ್ರಿಕ್ ಮತ್ತು ಫ್ರಾನ್ಸಿಸ್ಕೊ ಗಿಲ್-ವೈಟ್ ಎಂಬ ವಿದ್ವಾಂಸರು 2001ರಲ್ಲಿ ಮಂಡಿಸಿದ ವಾದ ಈ ಪ್ರವೃತ್ತಿಯ ಮೂಲವನ್ನು ಚೆನ್ನಾಗಿ ವಿವರಿಸುತ್ತದೆ. ಗುಂಪಿನಲ್ಲಿ ಮನ್ನಣೆ ಪಡೆದವರ ಸುತ್ತ ಜನರು ಸೇರುವುದು ಅವರ ಕೌಶಲವನ್ನು ಹತ್ತಿರದಿಂದ ಕಂಡು ಕಲಿಯುವುದಕ್ಕಾಗಿ ಎಂದು ಅವರು ಹೇಳುತ್ತಾರೆ. ಒಬ್ಬ ಒಳ್ಳೆಯ ಬೇಟೆಗಾರನ ಯಶಸ್ಸಿಗೆ ಅವನ ಬಾಣ ಕಾರಣವೋ, ಅವನು ಹೊರಡುವ ಹೊತ್ತು ಕಾರಣವೋ, ಹೆಜ್ಜೆಯಿಡುವ ಬಗೆ ಕಾರಣವೋ ಎಂಬುದು ನೋಡುವವನಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಅವನು ಎಲ್ಲವನ್ನೂ ಒಟ್ಟಿಗೆ ಅನುಸರಿಸುತ್ತಾನೆ. ಗೆದ್ದವರಂತೆ ಉಡುವುದು ಈ ಹಳೆಯ ಕಲಿಕೆಯ ಒಂದು ಭಾಗವೇ ಹೊರತು ಮೊಬೈಲು ತಂದ ಹೊಸ ರೋಗವಲ್ಲ.

ಇದಕ್ಕೆ 18ನೇ ಶತಮಾನದ ಜಪಾನಿನಲ್ಲೇ ಸಾಕ್ಷಿಯಿದೆ. ಕಬುಕಿ ಎಂಬ ಸಾಂಪ್ರದಾಯಿಕ ರಂಗಕಲೆಯ ನಟ ಸನೊಗಾವ ಇಚಿಮಾತ್ಸು ಅವರು ಎರಡು ಬಣ್ಣಗಳ ಚೌಕಳಿಯಿದ್ದ ಉಡುಪನ್ನು ತೊಟ್ಟು ರಂಗಕ್ಕೆ ಬಂದರು. ಆ ಚೌಕಳಿ ಅವರಿಗಿಂತ ಮೊದಲೂ ಬಳಕೆಯಲ್ಲಿತ್ತು, ಆದರೆ ನಾಟಕ ನೋಡಿದ ಎದೊ (ಇಂದಿನ ಟೋಕಿಯೊ) ನಗರದ ಹೆಂಗಸರು ಅದೇ ವಿನ್ಯಾಸದ ಬಟ್ಟೆಯನ್ನು ಕೇಳಿ ಕೇಳಿ ಕೊಳ್ಳತೊಡಗಿದ ಮೇಲೆ ಅದಕ್ಕೆ ಆ ನಟರ ಹೆಸರೇ ನಿಂತುಹೋಯಿತು. ಟೋಕಿಯೊ 2020 ಒಲಿಂಪಿಕ್ಸ್‌ನ ಲಾಂಛನದಲ್ಲಿ ಇದ್ದದ್ದು ಅದೇ ಇಚಿಮಾತ್ಸು ಚೌಕಳಿ. ಅಭಿಮಾನಿಗಳ ಅನುಕರಣೆಯಿಂದ ಜನಜನಿತವಾದ ವಿನ್ಯಾಸವೊಂದು ಕಾಲಕ್ರಮದಲ್ಲಿ ಒಂದು ದೇಶದ ಗುರುತೇ ಆದದ್ದನ್ನು ಕಂಡ ಮೇಲೆ, ಅನುಕರಣೆಯಿಂದ ಸಂಸ್ಕೃತಿ ಬಡವಾಗುತ್ತದೆಂಬ ಮಾತನ್ನು ನಾನು ಒಪ್ಪಲಾರೆ.

ಮೇಲಿನವರಂತೆ ಉಡುವ ಸ್ವಾತಂತ್ರ್ಯ ಎಲ್ಲ ಕಾಲಕ್ಕೂ ಇರಲಿಲ್ಲ ಎಂಬುದನ್ನೂ ನಾವು ಮರೆಯುತ್ತೇವೆ. ಇಂಗ್ಲೆಂಡಿನಲ್ಲಿ ಒಂದನೇ ಎಲಿಜಬೆತ್ ರಾಣಿ 1574ರಲ್ಲಿ ಹೊರಡಿಸಿದ ಘೋಷಣೆ, ಯಾವ ದರ್ಜೆಯವರು ಯಾವ ಬಟ್ಟೆ, ಯಾವ ಬಣ್ಣ, ಯಾವ ತುಪ್ಪಳ ಧರಿಸಬಹುದೆಂದು ವಿಧಿಸಿತ್ತು. ನೇರಳೆ ಬಣ್ಣದ ರೇಷ್ಮೆ ರಾಜಮನೆತನಕ್ಕೆ ಮೀಸಲಾಗಿತ್ತು. ವ್ಯಾಪಾರದಲ್ಲಿ ಹಣ ಗಳಿಸಿದವನು ಶ್ರೀಮಂತ ಪ್ರಭುವಿನಂತೆ ಉಟ್ಟು ನಡೆದರೆ ಇಬ್ಬರ ನಡುವಿನ ಅಂತರ ಕಣ್ಣಿಗೆ ಕಾಣದಂತಾಗುತ್ತದೆ ಎಂಬ ಭಯ ಇಂಥ ಕಟ್ಟಳೆಗಳ ಹಿಂದೆ ಇತ್ತು. ಇಂದು ಸಾಮಾನ್ಯ ಸಂಬಳದ ಹುಡುಗಿಯೊಬ್ಬಳು ಹೆಸರಾಂತ ತಾರೆಯ ಉಡುಪಿನಂಥದ್ದೇ ಉಡುಪನ್ನು ತೊಟ್ಟು ಬೀದಿಯಲ್ಲಿ ನಡೆಯಬಲ್ಲಳು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅವಳನ್ನು ಕಂಡು ಇವಳಿಗೇಕೆ ಈ ವೇಷ ಎನ್ನುವ ಮಾತಿನಲ್ಲಿ ಆ ಹಳೆಯ ಕಟ್ಟಳೆಯ ದನಿಯೇ ನನಗೆ ಕೇಳಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಖ್ಯಾತನಾಮರಿಂದ ಜನರು ಧೈರ್ಯವನ್ನು ಪಡೆಯುತ್ತಾರೆ. ರೂಢಿಯಲ್ಲಿಲ್ಲದ ಉಡುಪನ್ನು ಮೊದಲು ತೊಡುವವರು ನಿಂದೆಗೆ ಗುರಿಯಾಗುತ್ತಾರೆ, ಮತ್ತು ಆ ನಿಂದೆಯನ್ನು ತಾಳಿಕೊಳ್ಳುವ ಶಕ್ತಿ ಹೆಸರು ಮಾಡಿದವರಿಗೆ ಉಳಿದವರಿಗಿಂತ ಹೆಚ್ಚಾಗಿರುತ್ತದೆ. ಹೆಂಗಸರು ಗಂಡಸರಂತೆ ಉಡುಪು ಧರಿಸಬೇಕಾದರೆ ಪೊಲೀಸರ ಅನುಮತಿ ಪಡೆಯಬೇಕೆಂಬ 1800ರ ಆದೇಶವೊಂದು ಪ್ಯಾರಿಸ್ಸಿನಲ್ಲಿತ್ತು. ಅದು ಅಸಿಂಧುವೆಂದು ಫ್ರಾನ್ಸ್ ಸರಕಾರ ವಿಧಿವತ್ತಾಗಿ ಹೇಳಿದ್ದು 2013ರಲ್ಲಿ. ಕಾನೂನು ಇಷ್ಟು ನಿಧಾನವಾಗಿ ಸಾಗುತ್ತಿದ್ದಾಗ ನಟಿ ಮರ್ಲೀನ್ ಡೀಟ್ರಿಖ್ 1930ರ ದಶಕದ ಆರಂಭದಲ್ಲಿಯೇ ಪ್ಯಾಂಟು, ಕೋಟು, ಟೈ ಧರಿಸಿ ಕ್ಯಾಮೆರಾಗಳ ಮುಂದೆ ನಿಂತರು. ಯುದ್ಧಕಾಲದ ಕಾರ್ಖಾನೆಗಳೂ ಕ್ರೀಡೆಯೂ ಹೆಂಗಸರಿಗೆ ಪ್ಯಾಂಟು ತೊಡಿಸಿದವು ನಿಜ, ಆದರೆ ಅದನ್ನು ನಾಚಿಕೆಪಡುವಂಥದ್ದಲ್ಲ, ಚೆಂದವೇ ಎಂದು ಕಣ್ಣಿಗೆ ಒಪ್ಪಿಸಿದವರು ಇಂಥ ನಟಿಯರು.

ನಟಿ ಲುಪಿಟಾ ನ್ಯೊಂಗೊ 2014ರ ಭಾಷಣವೊಂದರಲ್ಲಿ ಹಂಚಿಕೊಂಡ ಅನುಭವ ಇನ್ನೂ ಆಳವಾದದ್ದು. ಚಿಕ್ಕಂದಿನಲ್ಲಿ ತನ್ನ ಕಪ್ಪು ಮೈಬಣ್ಣ ಬೆಳಗಾಗುವಷ್ಟರಲ್ಲಿ ತಿಳಿಯಾಗಿರಲಿ ಎಂದು ಅವರು ರಾತ್ರಿ ದೇವರನ್ನು ಬೇಡಿಕೊಳ್ಳುತ್ತಿದ್ದರಂತೆ. ಸುಡಾನ್ ಮೂಲದ ರೂಪದರ್ಶಿ ಅಲೆಕ್ ವೆಕ್ ಪತ್ರಿಕೆಗಳಲ್ಲಿ, ಫ್ಯಾಷನ್ ವೇದಿಕೆಗಳಲ್ಲಿ ಕಾಣಿಸಿಕೊಂಡಾಗ, ತನ್ನಂಥದ್ದೇ ಬಣ್ಣದವರನ್ನು ಜನ ಸುಂದರಿ ಎಂದು ಕರೆಯುವುದನ್ನು ಕಂಡು ಅವರಿಗೆ ತಮ್ಮ ಬಗ್ಗೆಯೇ ಹೊಸ ನೋಟ ದೊರೆಯಿತು. ಹಾಗೆ ಬೆಳೆದ ಲುಪಿಟಾ ಅವರೇ ಈಗ ತಮ್ಮ ಗುಂಗುರು ಕೂದಲನ್ನು ಗಿಡ್ಡವಾಗಿ, ಇದ್ದ ಹಾಗೆಯೇ ಬಿಟ್ಟು ವೇದಿಕೆಯೇರುತ್ತಾರೆ. ಅವರನ್ನು ನೋಡಿ ತನ್ನ ಕೂದಲನ್ನೂ ಹಾಗೆಯೇ ಬಿಡುವ ಹುಡುಗಿಯನ್ನು ನಕಲು ಮಾಡುವವಳು ಎನ್ನಲು ನನಗೆ ಮನಸ್ಸು ಬರುವುದಿಲ್ಲ; ಅವಳು ತನ್ನದನ್ನೇ ಮರಳಿ ಪಡೆದಿರುತ್ತಾಳೆ.

ದುಡಿಯುವ ಕೈಗಳಿಗೂ ಇದರಿಂದ ನೆರವಾದದ್ದುಂಟು. ಯಂತ್ರದಲ್ಲಿ ತಯಾರಾದ ಲೇಸು, ಎಂದರೆ ಜಾಲರಿಯಂಥ ಅಲಂಕಾರದ ಬಟ್ಟೆ, ಬಂದು ಇಂಗ್ಲೆಂಡಿನ ಹೊನಿಟನ್ ಸೀಮೆಯ ಕೈಕಸುಬಿನವರು ಕಂಗಾಲಾಗಿದ್ದ ಕಾಲದಲ್ಲಿ, ವಿಕ್ಟೋರಿಯಾ ರಾಣಿ 1840ರ ತಮ್ಮ ಮದುವೆಯ ಬಿಳಿ ಉಡುಪಿಗೆ ಅಲ್ಲಿಯ ಲೇಸನ್ನೇ ಮಾಡಿಸಿದರು. ಬಿಳಿಯ ಮದುವೆ ಉಡುಪು ಜಗತ್ತಿನ ಹಲವೆಡೆ ರೂಢಿಯಾದದ್ದರಲ್ಲಿ ಆ ಒಂದು ದಿನದ ಪಾಲು ದೊಡ್ಡದು.

ಇಷ್ಟಕ್ಕೂ ಜನರು ಕಂಡದ್ದನ್ನು ಕಂಡ ಹಾಗೆಯೇ ತೊಡುವುದು ಕಡಿಮೆ. ಎಲ್ಲರೊಳಗೊಬ್ಬರಾಗಿರಬೇಕೆಂಬ ಆಸೆ, ಎಲ್ಲರಿಗಿಂತ ಬೇರೆಯಾಗಿ ಕಾಣಬೇಕೆಂಬ ಆಸೆ, ಎರಡನ್ನೂ ಫ್ಯಾಷನ್ ಒಟ್ಟಿಗೆ ತಣಿಸುತ್ತದೆ ಎಂದು ಜರ್ಮನ್ ಸಮಾಜಶಾಸ್ತ್ರಜ್ಞ ಗೇಯೋರ್ಗ್ ಸಿಮ್ಮೆಲ್ 1904ರಲ್ಲಿಯೇ ಬರೆದಿದ್ದರು. ಒಬ್ಬರ ಕಾಲರನ್ನು, ಇನ್ನೊಬ್ಬರ ಬಣ್ಣವನ್ನು ಎತ್ತಿಕೊಂಡು, ದರ್ಜಿಯ ಬಳಿ ತನ್ನ ಮೈಗೆ ತಕ್ಕಂತೆ ತೋಳಿನ ಉದ್ದವನ್ನು ಬದಲಿಸಿಕೊಳ್ಳುವ ಹೊತ್ತಿಗೆ ಅನುಕರಣೆಯೇ ಆಯ್ಕೆಯಾಗಿರುತ್ತದೆ.

ವಿರೋಧ: ಕಾಣುವುದು ಒಂದು, ಕೊಳ್ಳುವುದು ಇನ್ನೊಂದು

ಬ್ರಿಟನ್ನಿನ ಯುವರಾಜನ ಪತ್ನಿ ಅಲೆಕ್ಸಾಂಡ್ರಾ 1867ರಲ್ಲಿ ಕಾಯಿಲೆ ಬಿದ್ದರು. ಸಂಧಿವಾತದ ಜ್ವರದಿಂದ ಅವರ ಮೊಣಕಾಲು ಬಿಗಿದುಕೊಂಡು, ಚೇತರಿಸಿಕೊಂಡ ಮೇಲೂ ಕುಂಟುತ್ತ ನಡೆಯಬೇಕಾಯಿತು. ಅವರ ಉಡುಗೆ-ತೊಡುಗೆಯನ್ನೆಲ್ಲ ಅನುಸರಿಸುತ್ತಿದ್ದ ಮಹಿಳೆಯರು ಆ ಕುಂಟು ನಡಿಗೆಯನ್ನೂ ಅನುಸರಿಸತೊಡಗಿದರು. ಮೊದಮೊದಲು ಹೊಂದಿಕೆಯಾಗದ ಎರಡು ಪಾದರಕ್ಷೆಗಳನ್ನು ಹಾಕಿಕೊಂಡು ನಡೆದರು. ಆಮೇಲೆ ಒಂದು ಹಿಮ್ಮಡಿ ಎತ್ತರ, ಇನ್ನೊಂದು ತಗ್ಗು ಇರುವ ಜೋಡಿಗಳನ್ನೇ ಅಂಗಡಿಯವರು ಮಾರಾಟಕ್ಕಿಟ್ಟರು. ಕತ್ತಿನ ಮೇಲಿನ ಗಾಯದ ಕಲೆಯನ್ನು ಮರೆಮಾಡಲು ಅವರು ಧರಿಸುತ್ತಿದ್ದ, ಕತ್ತಿಗೆ ಅಂಟಿಕೊಂಡಂಥ ಅಗಲದ ಹಾರಗಳೂ ಫ್ಯಾಷನ್ ಆದವು. ಒಬ್ಬ ಹೆಂಗಸಿನ ನೋವನ್ನೂ ಸಂಕೋಚವನ್ನೂ, ಅವು ಏನೆಂದು ಯೋಚಿಸದೆ, ನೂರಾರು ಜನ ಆಭರಣದಂತೆ ತೊಟ್ಟುಕೊಂಡರು.

ಅನುಕರಣೆಯೆಂದರೆ ಕಲಿಕೆ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಬೇಟೆಗಾರನನ್ನು ನೋಡಿ ಕಲಿಯುವವನು ಅವನ ಜೊತೆಯಲ್ಲೇ ಬದುಕುತ್ತಾನೆ. ಗುರಿ ತಪ್ಪಿದ ದಿನಗಳನ್ನೂ ಕಾಣುತ್ತಾನೆ, ಕೆಲಸಕ್ಕೆ ಬಾರದ್ದನ್ನು ಕ್ರಮೇಣ ಬಿಡುತ್ತಾನೆ. ಖ್ಯಾತನಾಮರೊಂದಿಗೆ ನಮಗಿರುವುದು ಅಂಥ ಒಡನಾಟವಲ್ಲ. ಪರದೆಯ ಮೇಲಿನ ವ್ಯಕ್ತಿ ತಮಗೆ ಆಪ್ತರೆಂದು ನೋಡುಗರಿಗೆ ಅನ್ನಿಸುವ ಈ ಏಕಮುಖ ಸಂಬಂಧವನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು ಟೆಲಿವಿಷನ್ ಇನ್ನೂ ಹೊಸದಾಗಿದ್ದ 1956ರಲ್ಲಿಯೇ ಗುರುತಿಸಿದ್ದರು. ಈಗ ಆ ವ್ಯಕ್ತಿ ತನ್ನ ಮಲಗುವ ಕೋಣೆಯಿಂದಲೇ ಕ್ಯಾಮೆರಾ ನೋಡಿ ಮಾತಾಡುವಾಗ ಆಪ್ತತೆಯ ಭ್ರಮೆ ಎಷ್ಟು ಬಲವಾಗಿರಬೇಡ! ಆಪ್ತರು ಹೇಳಿದ್ದನ್ನು ನಾವು ಪರೀಕ್ಷಿಸಲು ಹೋಗುವುದಿಲ್ಲ, ಮತ್ತು ಮಾರುವವರು ನಂಬಿ ಕುಳಿತಿರುವುದು ಇದನ್ನೇ. ಹಣ ಅಥವಾ ಉಡುಗೊರೆ ಪಡೆದು ವಸ್ತುವನ್ನು ಹೊಗಳುವಾಗ ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2017ರಲ್ಲಿ 90ಕ್ಕೂ ಹೆಚ್ಚು ಪತ್ರಗಳನ್ನು ಸಾಮಾಜಿಕ ಜಾಲತಾಣಗಳ ಪ್ರಭಾವಿಗಳಿಗೂ (ಇನ್‌ಫ್ಲುಯೆನ್ಸರ್‌ಗಳಿಗೂ) ಕಂಪನಿಗಳಿಗೂ ಕಳುಹಿಸಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ನಾವು ಮೆಚ್ಚುವ ಉಡುಪು ಬಹಳಷ್ಟು ಸಲ ಆ ತಾರೆಯ ಆಯ್ಕೆಯೂ ಅಲ್ಲ, ಸ್ವತ್ತೂ ಅಲ್ಲ. ವಸ್ತ್ರವಿನ್ಯಾಸದ ಸಂಸ್ಥೆ ಎರವಲಾಗಿ ಕೊಟ್ಟದ್ದನ್ನು ಸ್ಟೈಲಿಸ್ಟ್ ಆರಿಸಿರುತ್ತಾರೆ, ಆ ಒಂದೇ ಮೈಗೆ ಕೂರುವ ಹಾಗೆ ಹಲವು ಬಾರಿ ತೊಡಿಸಿ, ಗುಂಡುಸೂಜಿ ಚುಚ್ಚಿ, ಬಿಚ್ಚಿ ಹೊಲಿದಿರುತ್ತಾರೆ, ರಾತ್ರಿ ಕಳೆದ ಮೇಲೆ ಅದು ಹಿಂದಿರುಗುತ್ತದೆ. ಅದರ ನಕಲನ್ನು ಕೊಂಡವರಿಗೆ ಸಿಗುವುದು ಕೆಲವೇ ಅಳತೆಗಳಲ್ಲಿ ರಾಶಿಯಾಗಿ ಹೊಲಿದ ಬಟ್ಟೆ. ಅದು ಮೈಗೆ ಹೊಂದದಿದ್ದಾಗ ತಪ್ಪು ಬಟ್ಟೆಯದೆಂದು ಅನ್ನಿಸುವುದಿಲ್ಲ, ತನ್ನ ಮೈಯದೆಂದು ಅನ್ನಿಸುತ್ತದೆ. ಈ ಅನ್ನಿಸಿಕೆಗೆ ಹದಿಹರೆಯದ ಮಕ್ಕಳು ತೆರುವ ಬೆಲೆಯೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ನ್ಯೂಯಾರ್ಕಿನಲ್ಲಿ ನಡೆಯುವ ಮೆಟ್ ಗಾಲಾ ಎಂಬ ಫ್ಯಾಷನ್ ಸಮಾರಂಭಕ್ಕೆ 2022ರಲ್ಲಿ ಅಮೆರಿಕದ ಟಿವಿ ತಾರೆ ಕಿಮ್ ಕಾರ್ಡಾಶಿಯನ್ ಅವರು ನಟಿ ಮರ್ಲಿನ್ ಮನ್ರೋ 1962ರಲ್ಲಿ ತೊಟ್ಟಿದ್ದ ಉಡುಪಿನಲ್ಲಿ ಬಂದರು. ಅದರೊಳಗೆ ಹಿಡಿಸಲು ಮೂರು ವಾರಗಳಲ್ಲಿ 16 ಪೌಂಡ್, ಎಂದರೆ ಸುಮಾರು 7 ಕಿಲೊ, ತೂಕ ಇಳಿಸಿದ್ದಾಗಿ ತಾವೇ ಹೇಳಿದರು. ಕೆಲವು ನಿಮಿಷ ರತ್ನಗಂಬಳಿಯ ಮೇಲೆ ನಡೆದು, ಒಳಗೆ ಹೋದ ಮೇಲೆ ಅದರ ಪ್ರತಿಕೃತಿಯೊಂದನ್ನು ತೊಟ್ಟುಕೊಂಡರು. ಅಷ್ಟು ಹೊತ್ತಿಗಾಗಿ ಮೈಯನ್ನು ಹಾಗೆ ದಂಡಿಸುವುದು ಸಾಧನೆಯೆಂದು ಕೋಟ್ಯಂತರ ಜನರ ಮುಂದೆ ಬಂದಾಗ, ಹದಿನಾಲ್ಕರ ಹುಡುಗಿಯೊಬ್ಬಳು ಅದರಿಂದ ಏನನ್ನು ಎತ್ತಿಕೊಳ್ಳುತ್ತಾಳೆ?

ಅಪಾಯ ಕೆಲವೊಮ್ಮೆ ನೇರವಾಗಿಯೇ ಇರುತ್ತದೆ. 1940ರ ದಶಕದಲ್ಲಿ ನಟಿ ವೆರೋನಿಕಾ ಲೇಕ್ ಅವರ ಹೊಂಬಣ್ಣದ ಕೂದಲು ಒಂದು ಕಣ್ಣನ್ನು ಮುಚ್ಚುವಂತೆ ಇಳಿಬಿದ್ದಿರುತ್ತಿತ್ತು, ಅಮೆರಿಕದ ಹೆಂಗಸರು ಹಾಗೆಯೇ ಕೂದಲು ಬಿಟ್ಟರು. ಯುದ್ಧಸಾಮಗ್ರಿಯ ಕಾರ್ಖಾನೆಗಳಲ್ಲಿ ಅಂಥ ಕೂದಲು ಯಂತ್ರಕ್ಕೆ ಸಿಕ್ಕಿಕೊಳ್ಳುವ ಭಯ ಎದುರಾದಾಗ, ಸರಕಾರದ ಕೋರಿಕೆಯಂತೆ ಲೇಕ್ 1943ರಲ್ಲಿ ತಮ್ಮ ಕೂದಲನ್ನು ಮೇಲಕ್ಕೆ ಕಟ್ಟಿಕೊಂಡು ಪ್ರಚಾರ ಮಾಡಿದರು. ಅವರು ಮಾಡಿದ್ದು ಮೆಚ್ಚತಕ್ಕ ಕೆಲಸ. ಆದರೆ ತನ್ನ ತಲೆಯ ಪಕ್ಕದಲ್ಲಿಯೇ ತಿರುಗುತ್ತಿದ್ದ ಯಂತ್ರ ಹೇಳದ ಎಚ್ಚರಿಕೆಯನ್ನು ಕಾರ್ಮಿಕಳಿಗೆ ತಲುಪಿಸಲು ನಟಿಯೊಬ್ಬರೇ ಬೇಕಾಯಿತು ಎಂಬುದು, ಇಂಥ ಅನುಕರಣೆ ವಿವೇಚನೆಯನ್ನು ಎಷ್ಟರಮಟ್ಟಿಗೆ ಮಬ್ಬುಗೊಳಿಸುತ್ತದೆ ಎಂಬುದಕ್ಕೆ ಸಾಕ್ಷಿ.

ಇದರಿಂದ ಕುಶಲಕರ್ಮಿಗಳಿಗೆ ಒಳಿತಾಗುತ್ತದೆ ಎಂಬ ಮಾತು ಇಂದಿನ ಮಾರುಕಟ್ಟೆಗೆ ಹೊಂದುವುದಿಲ್ಲ. 2010ರಲ್ಲಿ ಕೇಟ್ ಮಿಡಲ್ಟನ್ ಬ್ರಿಟನ್ನಿನ ರಾಜಕುಮಾರ ವಿಲಿಯಂ ಅವರೊಂದಿಗಿನ ತಮ್ಮ ನಿಶ್ಚಿತಾರ್ಥವನ್ನು ಪ್ರಕಟಿಸಿದ ದಿನ ತೊಟ್ಟಿದ್ದ ನೀಲಿ ಉಡುಪು ಇಸ್ಸಾ ಎಂಬ ಸಣ್ಣ ಸಂಸ್ಥೆಯದು. ಅದು ಕೂಡಲೇ ಖಾಲಿಯಾಯಿತು, ಸೂಪರ್‌ಮಾರ್ಕೆಟ್ಟೊಂದು ಅದರ ಅಗ್ಗದ ನಕಲನ್ನು ಮಾರಿತು. ಇಸ್ಸಾ 2015ರಲ್ಲಿ ಬಾಗಿಲು ಹಾಕಿತು. ಒಮ್ಮೆಲೇ ಏಳುವ ಇಂಥ ಬೇಡಿಕೆಯ ಲಾಭ, ವಾರಗಳಲ್ಲಿ ಸಾವಿರಾರು ನಕಲುಗಳನ್ನು ಹೊಲಿಸಿ ತರಬಲ್ಲ ದೊಡ್ಡ ಕಂಪನಿಗಳಿಗೆ ಹೋಗುತ್ತದೆ. ಆ ಆತುರದ ಭಾರ ಹೊಲಿಯುವವರ ಮೇಲೆ ಬೀಳುತ್ತದೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಬಹುಮಹಡಿ ಕಟ್ಟಡ ಕುಸಿದಾಗ 1,134 ಜನ ಸತ್ತರು. ಗೋಡೆಗಳಲ್ಲಿ ಬಿರುಕು ಕಾಣಿಸಿಕೊಂಡದ್ದು ಹಿಂದಿನ ದಿನವೇ. ಕೆಳಗಿದ್ದ ಬ್ಯಾಂಕು, ಅಂಗಡಿಗಳು ಮುಚ್ಚಿದವು, ಮೇಲಿದ್ದ ಸಿದ್ಧ ಉಡುಪಿನ ಕಾರ್ಖಾನೆಗಳ ಕೆಲಸಗಾರರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆಸಲಾಯಿತು. ಅಲ್ಲಿ ಹೊಲಿಯುತ್ತಿದ್ದದ್ದು ದೂರದ ದೇಶಗಳ ಅಂಗಡಿಗಳಿಗೆ ಹೋಗುವ ಅಗ್ಗದ ಬಟ್ಟೆಗಳನ್ನು.

ಒಂದು ಹತ್ತಿಯ ಟೀ ಶರ್ಟಿಗೆ ಹತ್ತಿ ಬೆಳೆಯುವುದರಿಂದ ಹಿಡಿದು ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜಿದೆ. ಅಷ್ಟು ನೀರು ಕುಡಿದ ಬಟ್ಟೆಯನ್ನು ಹರಿಯುವವರೆಗೆ ತೊಟ್ಟರೆ ಅದಕ್ಕೊಂದು ಅರ್ಥವಿರುತ್ತಿತ್ತು. ಆದರೆ ಮಾರಾಟವಾಗದೆ ಉಳಿದ, ಕೆಲವೇ ಸಲ ತೊಟ್ಟು ಬಿಸಾಡಿದ ಉಡುಪುಗಳ ರಾಶಿ ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ಬಿದ್ದಿದೆ. ಜನರು ತಾರೆಯರಿಂದ ಎತ್ತಿಕೊಂಡದ್ದು ಉಡುಪಿನ ವಿನ್ಯಾಸವನ್ನಷ್ಟೇ ಆಗಿದ್ದರೆ ಹಾನಿ ಇಷ್ಟು ಬೆಳೆಯುತ್ತಿರಲಿಲ್ಲ. ಒಮ್ಮೆ ಫೋಟೊದಲ್ಲಿ ಕಂಡ ಉಡುಪಿನಲ್ಲಿ ಮತ್ತೊಮ್ಮೆ ಕಾಣಿಸಿಕೊಳ್ಳಬಾರದೆಂಬ ಅವರ ಅಭ್ಯಾಸವನ್ನೂ ಎತ್ತಿಕೊಂಡರು. ತಾರೆಗೆ ಅದು ವೃತ್ತಿಯ ಅಗತ್ಯ, ಬಟ್ಟೆಯೂ ಎರವಲಿನದು. ಸಂಬಳದಲ್ಲಿ ಉಳಿಸಿ ಬಟ್ಟೆ ಕೊಳ್ಳುವವರಿಗೆ ಅದು ಅಗತ್ಯವೂ ಅಲ್ಲ, ಎಟುಕುವಂಥದ್ದೂ ಅಲ್ಲ. ವಿಕ್ಟೋರಿಯಾ ರಾಣಿ ತಮ್ಮ ಮದುವೆಯ ಆ ಹೊನಿಟನ್ ಲೇಸನ್ನು ಮುಂದೆಯೂ ಬದುಕಿನ ದೊಡ್ಡ ಸಂದರ್ಭಗಳಲ್ಲಿ ಮತ್ತೆ ಮತ್ತೆ ತೊಟ್ಟರು. ಅವರಿಂದ ಜನರು ಬಿಳಿ ಬಣ್ಣವನ್ನು ಎತ್ತಿಕೊಂಡರು, ಮತ್ತೆ ತೊಡುವುದನ್ನು ಎತ್ತಿಕೊಳ್ಳಲಿಲ್ಲ. ಈಗಲೂ ರಾಜಮನೆತನದ ಸೊಸೆಯೊಬ್ಬರು ಹಳೆಯ ಕೋಟನ್ನು ಎರಡನೇ ಸಲ ಧರಿಸಿ ಬಂದರೆ ಪತ್ರಿಕೆಗಳು ಅದನ್ನು ಸುದ್ದಿಯೆಂದೇ ಅಚ್ಚು ಹಾಕುತ್ತವೆ.