ಶೂನ್ಯದಿಂದ ಸೃಷ್ಟಿ: ಹೀಬ್ರೂವಿನ ‘ಬಾರಾ’ ಕ್ರಿಯಾಪದ ಅದನ್ನೇ ಹೇಳುತ್ತದೆಯೇ?

ಹೀಬ್ರೂ ಬೈಬಲಿನ ಎರಡನೆಯ ಪದವೇ ‘ಬಾರಾ’. ‘ಬೆರೇಶೀತ್ ಬಾರಾ ಎಲೋಹೀಮ್’ (ಸಾಮಾನ್ಯ ಅನುವಾದದಲ್ಲಿ, ‘ಆದಿಯಲ್ಲಿ ದೇವರು ಸೃಷ್ಟಿಸಿದನು’) ಎಂದು ಅದರ ಮೊದಲ ಗ್ರಂಥವಾದ ಆದಿಕಾಂಡ ಆರಂಭವಾಗುತ್ತದೆ. ದೇವರು ಯಾವ ಮೂಲದ್ರವ್ಯವೂ ಇಲ್ಲದೆ ಜಗತ್ತನ್ನು ಉಂಟುಮಾಡಿದನೆಂಬ ನಂಬಿಕೆ ಯೆಹೂದ್ಯ, ಕ್ರೈಸ್ತ, ಇಸ್ಲಾಂ ಪರಂಪರೆಗಳಲ್ಲಿ ಬಲವಾಗಿ ಬೇರೂರಿದೆ. ಆ ನಂಬಿಕೆ ಸರಿಯೇ ತಪ್ಪೇ ಎಂಬುದು ಇಲ್ಲಿನ ಚರ್ಚೆಯಲ್ಲ. ಅದನ್ನು ಈ ಒಂದು ಕ್ರಿಯಾಪದವೇ ಹೇಳುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಪರ

‘ಬಾರಾ’ ಬಂದಲ್ಲೆಲ್ಲ ಮೊದಲು ನೋಡಬೇಕಾದದ್ದು ಅದರ ಕರ್ತೃವನ್ನು. ಹೀಬ್ರೂವಿನಲ್ಲಿ ಒಂದೇ ಧಾತು ಹಲವು ರೂಪಗಣಗಳಲ್ಲಿ ನಡೆಯುತ್ತದೆ. ಸರಳ ರೂಪವಾದ ಕಲ್‌ನಲ್ಲಿಯೂ ಹೆಚ್ಚಾಗಿ ಕರ್ಮಣಿಯ ಅರ್ಥ ಕೊಡುವ ನಿಫಾಲ್‌ನಲ್ಲಿಯೂ ಈ ಧಾತು ಒಟ್ಟು 50ರಷ್ಟು ಕಡೆ ಬಂದಿದ್ದರೂ, ಆ ಕ್ರಿಯೆಯನ್ನು ನಡೆಸುವವನು ದೇವರೇ ಹೊರತು ಒಂದು ಕಡೆಯಲ್ಲಿಯೂ ಮನುಷ್ಯನಲ್ಲ, ಅನ್ಯದೇವತೆಯೂ ಅಲ್ಲ. ಮಾಡು ಎಂಬರ್ಥದ ‘ಅಸಾ’ವನ್ನು ಬಡಗಿಗೂ ಬಳಸಬಹುದು, ರೂಪಿಸು ಎಂಬರ್ಥದ ‘ಯಾತ್ಸರ್’ನಿಂದಲೇ ಕುಂಬಾರನಿಗೆ ಹೆಸರು ಬಂದಿದೆ. ‘ಬಾರಾ’ವನ್ನು ಮಾತ್ರ ಆ ಭಾಷೆಯ ಲೇಖಕರು, ಶತಮಾನಗಳ ಅಂತರದಲ್ಲಿ ಬರೆದವರೂ ಸಹ, ದೇವರಿಗೇ ಮೀಸಲಿಟ್ಟರು. ಇಷ್ಟು ಕಟ್ಟುನಿಟ್ಟಾದ ಮೀಸಲು ಆಕಸ್ಮಿಕವಾಗಿರಲಾರದು.

ಎರಡನೆಯದು ಇದಕ್ಕಿಂತ ಮುಖ್ಯ. ಈ ಕ್ರಿಯಾಪದದೊಡನೆ ‘ಇಂಥದರಿಂದ’ ಎಂದು ದ್ರವ್ಯವನ್ನು ಹೇಳುವ ಪದ ಎಲ್ಲಿಯೂ ಬರುವುದಿಲ್ಲ. ಆದಿಕಾಂಡ 2:7ರಲ್ಲಿ ದೇವರು ನೆಲದ ಧೂಳಿನಿಂದ ಮನುಷ್ಯನನ್ನು ರೂಪಿಸಿದನೆಂದು ಹೇಳುವಾಗ ಲೇಖಕನು ಆರಿಸಿಕೊಂಡದ್ದು ‘ಯಾತ್ಸರ್’ ಅನ್ನು. ಅದೇ ಮನುಷ್ಯನ ಕುರಿತು 1:27ರಲ್ಲಿ ‘ಬಾರಾ’ ಮೂರು ಬಾರಿ ಬಂದರೂ ಅಲ್ಲಿ ಧೂಳಿನ ಸುದ್ದಿಯಿಲ್ಲ. ದ್ರವ್ಯವನ್ನು ಹೇಳಬೇಕಾದಾಗ ಬೇರೆ ಕ್ರಿಯಾಪದವನ್ನೂ, ಅದನ್ನು ಬದಿಗಿಟ್ಟು ದೇವರ ಕ್ರಿಯೆಯನ್ನಷ್ಟೇ ಹೇಳಬೇಕಾದಾಗ ‘ಬಾರಾ’ವನ್ನೂ ಬಳಸುವ ಈ ವಿವೇಚನೆಯನ್ನು ಕಂಡೇ, 13ನೆಯ ಶತಮಾನದ ವ್ಯಾಖ್ಯಾನಕಾರ ನಹ್ಮನಿಡೀಸನು ಇಲ್ಲದ್ದರಿಂದ ಇರುವುದನ್ನು ತರುವ ಕ್ರಿಯೆಗೆ ಪವಿತ್ರ ಭಾಷೆಯಲ್ಲಿ ‘ಬಾರಾ’ ಹೊರತು ಬೇರೆ ಮಾತಿಲ್ಲವೆಂದು ಬರೆದನು.

ಆದಿಕಾಂಡದ ಎರಡನೆಯ ವಚನದಲ್ಲಿ ಬರುವ ಕತ್ತಲು, ನೀರು, ಆಳಸಾಗರಗಳು ಮೊದಲೇ ಇದ್ದವಲ್ಲವೇ ಎಂಬ ಆಕ್ಷೇಪವೂ ಹೊಸದಲ್ಲ. ‘ಬೆರೇಶೀತ್ ರಬ್ಬಾ’ ಎಂಬ ಆದಿಕಾಂಡದ ಪ್ರಾಚೀನ ಯೆಹೂದ್ಯ ವ್ಯಾಖ್ಯಾನದಲ್ಲಿ ಒಬ್ಬ ತತ್ತ್ವಜ್ಞಾನಿಯು ಯೆಹೂದ್ಯ ಗುರು ರಬ್ಬಾನ್ ಗಮಲಿಯೇಲನನ್ನು ಕೆಣಕುತ್ತಾನೆ: ನಿಮ್ಮ ದೇವರು ದೊಡ್ಡ ಚಿತ್ರಕಾರನೇ ಸರಿ, ಆದರೆ ಅವನಿಗೆ ಒಳ್ಳೆಯ ಬಣ್ಣಗಳು ಸಿದ್ಧವಾಗಿ ಸಿಕ್ಕಿದ್ದವು. ಗಮಲಿಯೇಲನು ಆ ಬಣ್ಣಗಳನ್ನು ಒಂದೊಂದಾಗಿ ಎತ್ತಿಕೊಂಡು, ಕತ್ತಲನ್ನು ಸೃಷ್ಟಿಸುವವನು ದೇವರೇ ಎಂದು ಯೆಶಾಯ 45:7ರಿಂದಲೂ ಗಾಳಿಯನ್ನು ಸೃಷ್ಟಿಸುವವನು ಅವನೇ ಎಂದು ಆಮೋಸ 4:13ರಿಂದಲೂ ತೋರಿಸುತ್ತಾನೆ. ಆ ಎರಡು ವಚನಗಳಲ್ಲಿಯೂ ಇರುವುದು ಇದೇ ‘ಬಾರಾ’.

ವಿರೋಧ

ಕರ್ತೃವಿನ ವಿಷಯದಲ್ಲಿ ಮೇಲಿನ ವಾದ ಸರಿಯಾಗಿದೆ. ಆದರೆ ಯಾರು ಮಾಡಿದರು ಎಂಬುದು ಒಂದು ಪ್ರಶ್ನೆ, ಯಾವುದರಿಂದ ಮಾಡಿದರು ಎಂಬುದು ಬೇರೊಂದು ಪ್ರಶ್ನೆ. ದ್ರವ್ಯದ ಹೆಸರು ಹೇಳಿಲ್ಲವೆಂದರೆ ಲೇಖಕನು ಆ ವಿಷಯದಲ್ಲಿ ಮೌನವಾಗಿದ್ದಾನೆಂದು ಅರ್ಥ. ಆ ಮೌನವನ್ನೇ ‘ದ್ರವ್ಯವಿರಲಿಲ್ಲ’ ಎಂಬ ಹೇಳಿಕೆಯಾಗಿ ಓದುವುದು ವ್ಯಾಕರಣದ ಕೆಲಸವಲ್ಲ.

ಈ ಕ್ರಿಯಾಪದ ಯಾವ ಯಾವ ವಸ್ತುಗಳ ಜೊತೆ ಬರುತ್ತದೆ ಎಂಬುದನ್ನು ನೋಡಿದರೆ ಸಂದೇಹ ಇನ್ನೂ ಗಟ್ಟಿಯಾಗುತ್ತದೆ. ಯೆಶಾಯ 54:16ರಲ್ಲಿ ಕೆಂಡವನ್ನು ಊದಿ ಆಯುಧ ಮಾಡುವ ಕಮ್ಮಾರನನ್ನು ತಾನೇ ಸೃಷ್ಟಿಸಿದೆನೆಂದು ದೇವರು ಹೇಳುತ್ತಾನೆ. ಕಮ್ಮಾರನು ತಂದೆತಾಯಿಗಳಿಗೆ ಹುಟ್ಟಿದವನೆಂಬುದರಲ್ಲಿ ಪ್ರವಾದಿಗೆ ಅನುಮಾನವಿರಲಿಲ್ಲ. ಯೆಹೆಜ್ಕೇಲ 21:30ರಲ್ಲಿ ಅಮ್ಮೋನ್ಯರು ‘ಸೃಷ್ಟಿಯಾದ ಸ್ಥಳ’ವೆಂದರೆ ಅವರ ಹುಟ್ಟುನಾಡೇ. ಶುದ್ಧಹೃದಯಕ್ಕಾಗಿ ಬೇಡುವ 51ನೆಯ ಕೀರ್ತನೆಯಲ್ಲಿ ಪಾಪ ಮಾಡಿದ ಮನುಷ್ಯನಂತೂ ಮೊದಲೇ ಇದ್ದಾನೆ, ಬದಲಾಗಬೇಕಾದದ್ದು ಅವನ ಒಳಗು. ಇವೆಲ್ಲವುಗಳಲ್ಲಿ ಸಮಾನವಾಗಿರುವುದು ದೇವರ ಅಧಿಕಾರ ಮತ್ತು ಉಂಟಾದದ್ದರ ಹೊಸತನ. ಯೆಶಾಯ 43:7 ಒಂದೇ ಉಸಿರಿನಲ್ಲಿ ‘ಬಾರಾ’, ‘ಯಾತ್ಸರ್’, ‘ಅಸಾ’ ಮೂರನ್ನೂ ಒಂದೇ ಜನರ ಕುರಿತು ಹೇಳುತ್ತದೆ. ಪ್ರವಾದಿಗೆ ಇವು ಒಂದಕ್ಕೊಂದು ಹೊಂದುವ ಮಾತುಗಳಾಗಿದ್ದವು, ತತ್ತ್ವಶಾಸ್ತ್ರದ ವಿಭಾಗಗಳಾಗಿರಲಿಲ್ಲ.

ಪರಪಕ್ಷ ಮುಟ್ಟದೆ ಬಿಟ್ಟ ಪಿಯೆಲ್ ಎಂಬ ರೂಪಗಣವೂ ಇದೆ. ಯೆಹೋಶುವ 17ನೆಯ ಅಧ್ಯಾಯದಲ್ಲಿ ಯೋಸೇಫನ ವಂಶದವರು ಕಾಡು ಕಡಿದು ನೆಲ ಹಸನು ಮಾಡಿಕೊಳ್ಳಬೇಕೆಂದು ಹೇಳುವಲ್ಲಿ ಬರುವುದು ಇದೇ ಮೂರು ಅಕ್ಷರಗಳ ಧಾತು. ಯೆಹೆಜ್ಕೇಲ 23:47ರಲ್ಲಿ ಅದು ಕತ್ತಿಯಿಂದ ಕಡಿಯುವ ಕ್ರಿಯೆ, ಮತ್ತು ಅಲ್ಲಿ ಕಡಿಯುವವರು ಮನುಷ್ಯರೇ. ಇದು ಅದೇ ಧಾತುವೋ ಉಚ್ಚಾರಣೆಯಲ್ಲಿ ಕೂಡಿಕೊಂಡ ಬೇರೊಂದು ಧಾತುವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲದ ಕಾರಣ, ನಾನು ಇದರ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ. 2009ರಲ್ಲಿ ನೆದರ್ಲೆಂಡ್ಸಿನ ಬೈಬಲ್ ವಿದ್ವಾಂಸೆ ಎಲೆನ್ ವಾನ್ ವೋಲ್ಡೆ ಅವರು ಆದಿಕಾಂಡದ ‘ಬಾರಾ’ಕ್ಕೆ ಬೇರ್ಪಡಿಸು ಎಂಬುದೇ ಅರ್ಥವೆಂದು ವಾದಿಸಿದಾಗ ಸಾಕಷ್ಟು ಗದ್ದಲವಾಯಿತು. ಆ ಅರ್ಥ ಆಕಾಶ ಭೂಮಿಗಳಿಗೆ ಹೇಗೋ ಹೊಂದೀತು, ಕಮ್ಮಾರನಿಗೆ ಹೊಂದುವುದು ಕಷ್ಟ. ಪರಪಕ್ಷವನ್ನು ಅಲ್ಲಗಳೆಯಲು ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ.

ಏಕೆಂದರೆ ಯೆಹೂದ್ಯ ಪರಂಪರೆಯೊಳಗೇ ಬಲವಾದ ಭಿನ್ನಮತವಿದೆ. ನಹ್ಮನಿಡೀಸನಿಗಿಂತ ಮೊದಲೇ, 12ನೆಯ ಶತಮಾನದಲ್ಲಿ, ವ್ಯಾಖ್ಯಾನಕಾರ ಇಬ್ನ್ ಎಜ್ರಾ ‘ಬಾರಾ’ಕ್ಕೆ ಇಲ್ಲದ್ದರಿಂದ ಇರುವುದನ್ನು ತರುವುದೆಂಬ ಅರ್ಥವನ್ನು ಹೆಚ್ಚಿನ ವ್ಯಾಖ್ಯಾನಕಾರರು ಒಪ್ಪಿದ್ದರೆಂದು ತಿಳಿಸಿ, ಆದಿಕಾಂಡ 1:21ರ ದೊಡ್ಡ ಜಲಚರಗಳನ್ನೂ ಯೆಶಾಯನ ಕತ್ತಲನ್ನೂ ಅವರ ಮುಂದಿಟ್ಟನು. ಕತ್ತಲೆಂದರೆ ಬೆಳಕಿನ ಅಭಾವವಾಗಿರುವಾಗ ಅದನ್ನು ‘ಸೃಷ್ಟಿಸುವುದು’ ಇಲ್ಲದ್ದರಿಂದ ಇರುವುದನ್ನು ತಂದಂತೆ ಹೇಗಾದೀತು? ಅವನಿಗಿಂತಲೂ ಹಿಂದಿನ ‘ರಾಶಿ’ ಎಂಬ ಹೆಸರಿನ ವ್ಯಾಖ್ಯಾನಕಾರನು (1040-1105) ಮೊದಲ ವಚನವನ್ನು ಸ್ವತಂತ್ರ ವಾಕ್ಯವಾಗಿ ಓದಲೇ ಇಲ್ಲ. ದೇವರು ಆಕಾಶವನ್ನೂ ಭೂಮಿಯನ್ನೂ ಸೃಷ್ಟಿಸಲು ತೊಡಗಿದಾಗ ಭೂಮಿ ಹಾಗಿತ್ತು, ಹೀಗಿತ್ತು ಎಂಬ ಅನ್ವಯ ಅವನದು, ಮತ್ತು ನೀರು ಮೊದಲೇ ಇತ್ತೆಂಬುದನ್ನು ಅವನು ಮುಚ್ಚಿಡುವುದಿಲ್ಲ. ಈ ಅನ್ವಯ ಎಲ್ಲರಿಗೂ ಒಪ್ಪಿಗೆಯಾಗಿಲ್ಲ, ನಿಜ; ಅಲೆಕ್ಸಾಂಡ್ರಿಯದ ಗ್ರೀಕ್ ಅನುವಾದಕರು ‘ಆದಿಯಲ್ಲಿ’ ಎಂದು ಸ್ವತಂತ್ರವಾಗಿಯೇ ಓದಿದರು. ಆದರೆ ಅದೇ ಅನುವಾದಕರು ಅಲ್ಲಿ ‘ಬಾರಾ’ಕ್ಕೆ ಹಾಕಿದ್ದು ಮಾಡು ಎಂಬ ಸಾಮಾನ್ಯ ಗ್ರೀಕ್ ಕ್ರಿಯಾಪದವನ್ನು, ‘ಅಸಾ’ಕ್ಕೆ ಹಾಕಿದ ಪದವನ್ನೇ. ಈ ಕ್ರಿಯಾಪದದಲ್ಲಿ ಶೂನ್ಯದ ಅರ್ಥ ಹುದುಗಿದೆಯೆಂದು ಅವರಿಗೆ ತೋರಿದಂತಿಲ್ಲ.

ಗಮಲಿಯೇಲನ ಉತ್ತರವನ್ನೂ ಪೂರ್ತಿಯಾಗಿ ಓದಬೇಕು. ಆಳಸಾಗರಗಳ ಸರದಿ ಬಂದಾಗ ಅವನು ಎತ್ತಿಕೊಳ್ಳುವ ಜ್ಞಾನೋಕ್ತಿ 8:24ರಲ್ಲಿ ‘ಬಾರಾ’ ಇಲ್ಲ, ಹೆರಿಗೆಯ ನೋವನ್ನು ನೆನಪಿಸುವ ಬೇರೊಂದು ಕ್ರಿಯಾಪದವಿದೆ. ಅವನಿಗೆ ಬೇಕಾಗಿದ್ದದ್ದು ಆ ವಸ್ತುಗಳಿಗೂ ಆರಂಭವಿತ್ತೆಂಬ ಸಾಕ್ಷ್ಯ, ಪದವೊಂದರ ಅರ್ಥನಿರ್ಣಯವಲ್ಲ.

ಶೂನ್ಯದಿಂದ ಸೃಷ್ಟಿ ಎಂಬ ಸಿದ್ಧಾಂತ ಸ್ಪಷ್ಟ ಮಾತುಗಳಲ್ಲಿ ಕಾಣಿಸಿಕೊಳ್ಳುವುದು ತಡವಾಗಿ. ಮಕ್ಕಬಿಯರ ಎರಡನೆಯ ಗ್ರಂಥ (7:28) ಇದ್ದವುಗಳಿಂದ ದೇವರು ಇವನ್ನು ಮಾಡಲಿಲ್ಲವೆಂದು ಗ್ರೀಕಿನಲ್ಲಿ ಹೇಳಿದರೆ, ಗ್ರೀಕಿನಲ್ಲಿಯೇ ಬರೆದ ಸೊಲೊಮೋನನ ಜ್ಞಾನಗ್ರಂಥ (11:17) ರೂಪವಿಲ್ಲದ ದ್ರವ್ಯದಿಂದ ಜಗತ್ತು ಉಂಟಾಯಿತೆನ್ನುತ್ತದೆ. ಕ್ರಿ.ಶ. 2ನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದ ಕ್ರೈಸ್ತ ಬಿಷಪ್ ಥಿಯೋಫಿಲನು ದ್ರವ್ಯ ಅನಾದಿಯೆಂಬ ಪ್ಲೇಟೋವಾದಿಗಳ ಮತವನ್ನು ಎದುರಿಸುವ ಹೊತ್ತಿಗೆ ಈ ವಿಚಾರ ಖಚಿತ ರೂಪ ಪಡೆಯಿತು. ಆ ವಾದಕ್ಕೆ ಹೀಬ್ರೂ ಬೈಬಲಿನಲ್ಲಿ ಆಸರೆ ಹುಡುಕುವವರಿಗೆ ಯೆಶಾಯ 44:24 ಮೇಲಾದ ಸ್ಥಳ: ಎಲ್ಲವನ್ನೂ ಮಾಡಿದವನು ನಾನು, ಒಬ್ಬನಾಗಿಯೇ ಆಕಾಶವನ್ನು ಹರಡಿದೆನು ಎಂದು ದೇವರು ಅಲ್ಲಿ ಹೇಳಿಕೊಳ್ಳುತ್ತಾನೆ. ಆ ವಚನದಲ್ಲಿ ರೂಪಿಸು, ಮಾಡು, ಹರಡು, ವಿಸ್ತರಿಸು ಎಂಬ ಕ್ರಿಯಾಪದಗಳಿವೆ, ‘ಬಾರಾ’ ಇಲ್ಲ.