ನಡೆಯುವವರ ಭಾರ

ನದಿಗೆ ಸೇತುವೆ ಕಟ್ಟುವುದನ್ನು ನೋಡುತ್ತ ನಿಲ್ಲುವಷ್ಟು ಸೊಗಸಾದ ಸೋಮಾರಿತನ ಇನ್ನೊಂದಿಲ್ಲ. ದಂಡೆಯ ಕಟಕಟೆಗೆ ಮೊಣಕೈ ಊರಿದರೆ ಒಂದು ತಾಸು ಹೋದದ್ದೇ ತಿಳಿಯುವುದಿಲ್ಲ. ಪಕ್ಕದಲ್ಲಿ ಇನ್ನೂ ಇಬ್ಬರು ಮೂವರು ಇದ್ದೇ ಇರುತ್ತಾರೆ. ನಮ್ಮಲ್ಲಿ ಯಾರೂ ಎಂಜಿನಿಯರ್ ಅಲ್ಲ. ಆದರೆ ಕ್ರೇನಿನವನು ಎಲ್ಲಿ ತಪ್ಪಿದ ಎಂಬುದು ಎಲ್ಲರಿಗೂ ಗೊತ್ತು.

ಮೊದಮೊದಲು ಬರೀ ಕೆಸರು. ನದಿಯ ನಡುವೆ ಉಕ್ಕಿನ ಹಾಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ತಳಕ್ಕೆ ಬಡಿದು ತೊಟ್ಟಿಯೊಂದನ್ನು ಮಾಡುತ್ತಾರೆ. ಒಳಗಿನ ನೀರನ್ನು ಪಂಪು ಹೊರಕ್ಕೆ ಉಗುಳುತ್ತದೆ. ಆಗ ಊರಿನ ಗುಟ್ಟೆಲ್ಲ ರಟ್ಟು. ಒಂಟಿ ಚಪ್ಪಲಿ, ಸೈಕಲ್ ಚಕ್ರ, ಬೀಗ ಹಾಕಿದ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ಏನಿತ್ತೆಂಬ ಚರ್ಚೆಗೆ ನಮಗೆ ಒಂದು ವಾರ ಸಾಲಲಿಲ್ಲ.

ಎರಡು ದಡಗಳಿಂದ ಚಾಚಿಕೊಂಡ ಉಕ್ಕು ನಡುನೀರಿನ ಮೇಲೆ ಕೂಡುವ ಘಳಿಗೆ ಮಾತ್ರ ನಿಜಕ್ಕೂ ನಾಜೂಕಿನದು. ನೂರು ಮೀಟರ್ ಉಕ್ಕು ಮೂವತ್ತು ಡಿಗ್ರಿ ಹೆಚ್ಚು ಕಾದರೆ ಸುಮಾರು 36 ಮಿಲಿಮೀಟರ್ ಬೆಳೆಯುತ್ತದೆ, ಅಂದರೆ ಎರಡು ಬೆರಳಗಲ. ಮಧ್ಯಾಹ್ನದ ಅಳತೆಗೆ ಕತ್ತರಿಸಿದ ತುಂಡು ಬೆಳಗಿನ ಜಾವಕ್ಕೆ ಗಿಡ್ಡವಾಗಿಬಿಡುತ್ತದೆ! ಮುಗಿದ ಮೇಲೂ ಸೇತುವೆಗೆ ಉಸಿರಾಡಲು ಸಂದು ಬಿಡಲೇಬೇಕು. ಬಾಚಣಿಗೆಯ ಹಲ್ಲಿನಂತೆ ಒಂದರೊಳಗೊಂದು ಸೇರಿಕೊಂಡಿರುವ ಆ ಪಟ್ಟಿಯನ್ನು ದಿನಾ ತುಳಿಯುತ್ತೇವೆ, ನೋಡುವುದಿಲ್ಲ.

ಲಾರಿ ಹೊರುವ ಸೇತುವೆ ಕಷ್ಟ, ಮನುಷ್ಯರನ್ನು ಹೊರುವುದು ಸುಲಭ ಎಂದುಕೊಂಡಿದ್ದೆ. ಲಂಡನ್ನಿನ ಮಿಲೇನಿಯಂ ಸೇತುವೆಯ ಕತೆ ಓದಿದ ಮೇಲೆ ಆ ಮಾತು ಹಿಂತೆಗೆದುಕೊಂಡೆ. ಥೇಮ್ಸ್ ಮೇಲಿನ ಆ ತೆಳ್ಳನೆಯ ಸೇತುವೆ ತೆರೆದದ್ದು 2000ದ ಜೂನ್ 10, ಶನಿವಾರ. ಜನ ನುಗ್ಗಿದರು, ಸೇತುವೆ ಎಡಕ್ಕೂ ಬಲಕ್ಕೂ ತೂಗತೊಡಗಿತು. ನಾವು ನೆಟ್ಟಗೆ ನಡೆಯುತ್ತೇವೆಂಬುದು ಭ್ರಮೆ. ಪ್ರತಿ ಹೆಜ್ಜೆಯೂ ನೆಲವನ್ನು ಒಂದಿಷ್ಟು ಪಕ್ಕಕ್ಕೆ ದೂಡುತ್ತದೆ. ನೆಲ ಅಲುಗಿದಾಗ ಜನ ಬೀಳದಿರಲು ಕಾಲಗಲಿಸಿ ಅದರ ತಾಳಕ್ಕೇ ಹೆಜ್ಜೆ ಹಾಕಿದರು, ಸೇತುವೆ ಮತ್ತಷ್ಟು ಜೀಕಿತು. ಎರಡೇ ದಿನಕ್ಕೆ ಮುಚ್ಚಿದರು. ಅಲುಗಾಟ ಹೀರುವ ಸಾಧನಗಳನ್ನು ಒಡಲಲ್ಲಿ ಅಳವಡಿಸಿ ಮತ್ತೆ ತೆರೆದದ್ದು 2002ರ ಫೆಬ್ರವರಿಯಲ್ಲಿ. ಅದೇ ನದಿಯ ಆಲ್ಬರ್ಟ್ ಸೇತುವೆಯ ಮೇಲೆ ಕವಾಯತು ಮಾಡುವ ಸೈನಿಕರು ಹೆಜ್ಜೆಯ ಲಯ ಮುರಿಯಬೇಕೆಂಬ ಹಳೆಯ ಫಲಕವಿದೆ. ಸೈನಿಕರಾದರೆ ಆಜ್ಞೆಗೆ ಬಗ್ಗುತ್ತಾರೆ. ಶನಿವಾರದ ಜಾತ್ರೆಗೆ ಆಜ್ಞೆ ಕೊಡುವವರು ಯಾರು?

ನಾವು ಕಾದು ನೋಡಿದ ಸೇತುವೆಯೂ ತೆರೆಯಿತು. ಮೊದಲ ಸಂಜೆಯೇ ಹೋಗಿ ನಟ್ಟನಡುವೆ ನಿಂತು ಅಂಗಾಲಿನಲ್ಲಿ ಅದುರು ಹುಡುಕಿದೆ. ಏನೂ ತಿಳಿಯಲಿಲ್ಲ. ಪಕ್ಕದಲ್ಲಿ ಹುಡುಗನೊಬ್ಬ ಅಮ್ಮನ ಕೈ ಬಿಡಿಸಿಕೊಂಡು ಎರಡೂ ಕಾಲಿನಲ್ಲಿ ಧಪ್ ಧಪ್ ಎಂದು ಕುಪ್ಪಳಿಸುತ್ತಿದ್ದ. ಅಮ್ಮ ಗದರಿ ಎಳೆದುಕೊಂಡು ಹೋದಳು. ನಾನು ಹಿಂದೆ ಮುಂದೆ ನೋಡಿದೆ; ಹತ್ತಿರ ಯಾರೂ ಇರಲಿಲ್ಲ. ಒಂದೇ ಸಲ ಎಗರಿದೆ.